ಪಾಯಿಂಟ್ 315 ರೈಫಲ್: ಬೋಲ್ಟ್ ಬಿಗಿಯಾಗಿದೆ, ಎಮೆರಿ ಹಾಕಿ ಉಜ್ಜಬಹುದೇ?

ಕಕ್ಕಬ್ಬೆ ಕಡೆಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರುವುದು ಪಾಯಿಂಟ್ 315 ಬೋಲ್ಟ್ ಆ್ಯಕ್ಷನ್ ರೈಫಲ್, ಲೀ-ಎನ್‌ಫೀಲ್ಡ್ ಮಾದರಿಯದು, ಐದು ತೋಟೆಯ ಮ್ಯಾಗಜಿನ್. ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತೆಂದು ಹೊರಗೆ ತೆಗೆದು ನೋಡಿದರೆ ಬೋಲ್ಟ್ (ತೋಟೆಯನ್ನು ಒಳಗೆ ತಳ್ಳಿ ಮುಚ್ಚುವ ಉಕ್ಕಿನ ಸರಳು) ಸಲೀಸಾಗಿ ಓಡುತ್ತಿಲ್ಲ.

ಹಿಡಿ ಮೇಲೆತ್ತುವುದು ಹಗುರ. ಹಿಂದಕ್ಕೆ ಎಳೆದರೆ ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತದೆ. ಮುಂದಕ್ಕೆ ತಳ್ಳಿದರೆ ಕೊನೆಯ ಒಂದಿಂಚಿನಲ್ಲಿ ತಡೆದು ನಿಲ್ಲುತ್ತದೆ, ಜೋರಾಗಿ ಒತ್ತಬೇಕು. ಗುಂಡು ಹಾರಿಸಿದ ಮೇಲೆ ಕೆಲವು ಖಾಲಿ ತೋಟೆಗಳು ಚೇಂಬರ್‌ನಲ್ಲೇ (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ) ಕಚ್ಚಿಕೊಳ್ಳುತ್ತವೆ, ಆಗ ಹಿಡಿಯನ್ನು ಅಂಗೈಯಿಂದ ಗುದ್ದಿ ಎತ್ತಬೇಕು. ಮ್ಯಾಗಜಿನ್ ತುಂಬಿದರೆ ಎರಡನೆಯದೋ ಮೂರನೆಯದೋ ತೋಟೆ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ದಿನ ಹಾಕುತ್ತಿದ್ದದ್ದು ತೆಂಗಿನೆಣ್ಣೆ.

ಬೋಲ್ಟನ್ನು 400 ನಂಬರ್ ಎಮೆರಿ ಪೇಪರ್‌ನಲ್ಲಿ ಉಜ್ಜಿ, ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ನೂರು ಸಲ ಓಡಿಸಿದರೆ ಬೆಣ್ಣೆಯ ಹಾಗೆ ಆಗುತ್ತದೆ ಎಂದು ಒಬ್ಬರು ಹೇಳಿದರು. ಮಾಡಬಹುದೇ? ತಿಳಿದವರು ದಯವಿಟ್ಟು ಹೇಳಿ.

ಹಳೇ ಕೋವಿ

ಪೇಸ್ಟ್ ಡಬ್ಬಿಯನ್ನು ವಾಪಸ್ ಗ್ಯಾರೇಜಿಗೆ ಕಳಿಸಿ. ಎಮೆರಿಯನ್ನೂ ಮುಟ್ಟಬೇಡಿ. ನೀವು ಹೇಳಿದ್ದು ಒಂದು ತೊಂದರೆ ಅಲ್ಲ, ನಾಲ್ಕು. ಒಂದೊಂದರ ಕಾರಣವೂ ಬೇರೆ, ನಾಲ್ಕರಲ್ಲಿ ಒಂದಕ್ಕೂ ಎಮೆರಿ ಮದ್ದಲ್ಲ.

ಬೋಲ್ಟಿನ ಕೆಲಸ ನಾಲ್ಕು ಹಂತದ್ದು: ಎತ್ತುವುದು, ಎಳೆಯುವುದು, ತಳ್ಳುವುದು, ಇಳಿಸುವುದು. ಯಾವ ಹಂತದಲ್ಲಿ ಕೈಗೆ ತಡೆ ಸಿಗುತ್ತದೆ ಎಂದು ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು. ಅದಕ್ಕೂ ಮೊದಲು ಮ್ಯಾಗಜಿನ್ ಕಳಚಿ, ಬೋಲ್ಟ್ ತೆರೆದು, ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ತೋಟೆಗಳೆಲ್ಲ ಬೇರೆ ಕೋಣೆಯಲ್ಲಿರಲಿ.

ಈಗ ಕೊನೆಯ ಒಂದಿಂಚಿನ ತಡೆ. ಅದು ದೋಷವೇ ಅಲ್ಲ. ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಫೈರಿಂಗ್ ಪಿನ್ನಿನ ಸ್ಪ್ರಿಂಗ್ ಅದುಮುವುದು ಬೋಲ್ಟ್ ಮುಚ್ಚುವಾಗ. ಪಿನ್ನಿನ ಹಿಂತುದಿಯ ಕಾಕಿಂಗ್ ಪೀಸ್ ಸಿಯರ್‌ಗೆ (ಟ್ರಿಗರ್ ಎಳೆಯುವ ತನಕ ಅದನ್ನು ತಡೆಹಿಡಿಯುವ ಕೊಂಡಿ) ತಾಗಿ ನಿಂತುಬಿಡುತ್ತದೆ, ಅಲ್ಲಿಂದ ಮುಂದೆ ನೀವು ಬೋಲ್ಟಿನ ಜೊತೆಗೆ ಸ್ಪ್ರಿಂಗನ್ನೂ ತಳ್ಳುತ್ತಿದ್ದೀರಿ. ಹೆದರಿ ಹೆದರಿ ಅರ್ಧ ತಳ್ಳಿ ನಿಲ್ಲಿಸಿದರೆ ಗೋಡೆಗೆ ತಾಗಿದ ಹಾಗೆ ಅನಿಸುತ್ತದೆ. ಒಂದೇ ಓಟದಲ್ಲಿ, ಅಂಗೈ ಬುಡದಿಂದ, ನಿಲ್ಲದೆ ತಳ್ಳಿ ಅದೇ ಓಟದಲ್ಲಿ ಕೆಳಗೆ ಇಳಿಸಿ. ಹಿಡಿ ಎತ್ತುವುದು ಹಗುರ ಅಂದಿರಲ್ಲ, ಅದಕ್ಕೂ ಇದೇ ಕಾರಣ.

ಹಾಗೆಯೇ, ಹಿಡಿಯ ತುದಿಯ ಗುಂಡನ್ನು ಮುಷ್ಟಿಯಲ್ಲಿ ಬಿಗಿದು ಹಿಡಿಯಬೇಡಿ. ಹಿಡಿ ಇರುವುದು ಬೋಲ್ಟಿನ ಬಲಕ್ಕೆ. ಅದನ್ನು ಓರೆಯಾಗಿ ಎಳೆದರೆ, ಮೇಜಿನ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದ ಹಾಗೆ, ಬೋಲ್ಟ್ ತನ್ನ ದಾರಿಯಲ್ಲಿ ಸೊಟ್ಟಗಾಗಿ ಕಚ್ಚುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸಡಿಲವಾಗಿ ಹಿಡಿದು, ನಳಿಗೆಯ ನೇರಕ್ಕೆ ಎಳೆಯಿರಿ. ಪೂರ್ತಿ ಹಿಂದಕ್ಕೆ ಬಂದಾಗ ಬೋಲ್ಟ್ ಅಲುಗಾಡುವುದನ್ನು ಸವೆತ ಅಂದುಕೊಳ್ಳಬೇಡಿ. ಆ ಸಡಿಲ ಬೇಕೆಂದೇ ಬಿಟ್ಟದ್ದು. ಕೆಸರು ಹೊಕ್ಕರೂ ಓಡಬೇಕಾದ ಸೇನೆಯ ಆ್ಯಕ್ಷನ್ ಅದು.

ಕರಕರ ಶಬ್ದಕ್ಕೆ ಕಾರಣ ತೆಂಗಿನೆಣ್ಣೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಕೊಡಗಿನ ಮಳೆಗಾಲದಲ್ಲಿ, ಚಳಿಗಾಲದ ಬೆಳಗ್ಗೆ, ಬಾಟಲಿಯಲ್ಲಿ ಬಿಳಿಗಟ್ಟಿ ನಿಲ್ಲುವ ಎಣ್ಣೆ ಬೋಲ್ಟಿನೊಳಗೂ ಹಾಗೆಯೇ ನಿಲ್ಲುತ್ತದೆ. ವರ್ಷಗಟ್ಟಲೆ ಕೂತು ಧೂಳು, ಮದ್ದಿನ ಮಸಿ ಸೇರಿ ಅಂಟಾಗುತ್ತದೆ. ಅಗಸೆ ಎಣ್ಣೆ ಇನ್ನೂ ಕೆಟ್ಟದ್ದು. ಮರಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ, ಕಬ್ಬಿಣದ ಮೇಲೆ ಮಾತ್ರ ಒಣಗಿ ವಾರ್ನಿಷ್ ಆಗಿಬಿಡುತ್ತದೆ.

ಬೋಲ್ಟ್ ತೆಗೆಯುವ ಕ್ರಮ: ಸೇಫ್ಟಿ ಮುಂದೆ ಮಾಡಿ, ಹಿಡಿ ಎತ್ತಿ ಪೂರ್ತಿ ಹಿಂದಕ್ಕೆ ಎಳೆಯಿರಿ. ಬೋಲ್ಟಿನ ತಲೆ ಬಲಗಡೆ ಒಂದು ಏಣಿನ ಮೇಲೆ ಓಡುತ್ತದೆ. ಅದನ್ನು ಬೆರಳಿಂದ ಮೇಲಕ್ಕೆ ಒತ್ತಿದರೆ ಸಣ್ಣ ಸ್ಪ್ರಿಂಗ್ ದಾಟಿ ‘ಟಕ್’ ಎಂದು ಬಿಡುತ್ತದೆ. ಬೋಲ್ಟ್ ಹಿಂದಕ್ಕೆ ಹೊರಬರುತ್ತದೆ. ಸೀಮೆಎಣ್ಣೆಯಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಲಗ್ಗುಗಳ (ಮುಚ್ಚಿದ ಬೋಲ್ಟನ್ನು ತಡೆದು ಹಿಡಿಯುವ ಚಾಚುಗಳು) ಹಿಂಬದಿ, ಬೋಲ್ಟ್ ತಲೆಯ ಮುಖ, ಖಾಲಿ ತೋಟೆ ಎಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಅಡಿ ತಿಕ್ಕಿ. ಅಂಟು ಹೆಚ್ಚು ಇರುವುದು ಆ ಕೊಕ್ಕೆಯ ಅಡಿಯಲ್ಲಿ. ಬೆಂಕಿಕಡ್ಡಿಯ ತುದಿ ಚೂಪು ಮಾಡಿ ಕೆದಕಿದರೆ ಕಪ್ಪು ಮೇಣದಂಥದ್ದು ಸುರುಳಿ ಸುರುಳಿಯಾಗಿ ಬರುತ್ತದೆ. ರಿಸೀವರ್‌ನ (ಬೋಲ್ಟ್ ಓಡುವ ಉಕ್ಕಿನ ಬಾಡಿ) ಎಡಗೋಡೆಯ ಒಳಮೈ, ಎಡಗಡೆಯ ಲಗ್ಗು ಕೂರುವ ಓರೆ ಕಾಲುವೆ, ಇವನ್ನೂ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ.

ಹಾಕಬೇಕಾದ ಎಣ್ಣೆ ಬಹಳ ಕಡಿಮೆ. ಹೊಲಿಗೆ ಯಂತ್ರದ ಎಣ್ಣೆ ಸಾಕು. ಬೋಲ್ಟಿನ ಮೈಗೆ ಎರಡು ಹನಿ, ಬೆರಳಲ್ಲಿ ಸವರಿ ಒರೆಸಿ ತೆಗೆಯಿರಿ, ಮಿರುಗು ಮಾತ್ರ ಉಳಿಯಬೇಕು. ಗ್ರೀಸ್ ಬೇಕಿರುವುದು ಮೂರೇ ಕಡೆ: ಎರಡು ಲಗ್ಗುಗಳ ಹಿಂಬದಿ, ಕಾಕಿಂಗ್ ಪೀಸ್ ಸಿಯರ್‌ಗೆ ತಾಗುವ ಮುಖ. ಮಾಲಿಬ್ಡಿನಂ ಗ್ರೀಸ್ ಆದರೆ ಒಳ್ಳೆಯದು, ಬೆಂಕಿಕಡ್ಡಿಯ ಮದ್ದಿನಷ್ಟು ಪ್ರಮಾಣ ಮೂರಕ್ಕೂ ಸೇರಿ. ಬೋಲ್ಟಿನ ಹೊಟ್ಟೆಯೊಳಗೆ, ಸ್ಪ್ರಿಂಗಿಗೆ, ಗ್ರೀಸ್ ತುಂಬಬೇಡಿ. ಚಳಿಗೆ ಗಟ್ಟಿಯಾದರೆ ಪಿನ್ ನಿಧಾನವಾಗಿ ಹೊಡೆದು ತೋಟೆ ಹೊತ್ತುವುದಿಲ್ಲ.

ಮತ್ತೆ ಹಾಕುವಾಗ ಬೋಲ್ಟಿನ ತಲೆಯನ್ನು ಪೂರ್ತಿ ತಿರುಗಿಸಿ ಕೂರಿಸಿ, ಉದ್ದನೆಯ ಲಗ್ಗಿನ ನೇರಕ್ಕೆ ತನ್ನಿ. ಕಾಕಿಂಗ್ ಪೀಸ್ ಕೂಡ ನೇರಕ್ಕಿರಲಿ. ಒಳಗೆ ತಳ್ಳಿದ ಮೇಲೆ ತಲೆಯನ್ನು ಆ ಏಣಿನ ಮೇಲೆ ಒತ್ತಿ ಕೂರಿಸಿ. ಇದನ್ನು ಮರೆತು ‘ಬೋಲ್ಟ್ ಮುಂದೆ ಹೋಗುತ್ತಿಲ್ಲ’ ಎಂದು ಸುತ್ತಿಗೆ ಹಿಡಿಯುವವರು ಬಹಳ.

ಲೇತ್ ಕೆಲಸದವ

ಎಮೆರಿ ಯಾಕೆ ಬೇಡ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಸಲಹೆ ಎಲ್ಲ ಕಡೆ ಓಡಾಡುತ್ತಿದೆ.

ಗುಂಡು ಹಾರಿದಾಗ ತೋಟೆಯ ಬುಡ ಹಿಂದಕ್ಕೆ ಒದೆಯುವ ಬಲವನ್ನೆಲ್ಲ ತಡೆಯುವುದು ಎರಡು ಲಗ್ಗು. ಈ ಮಾದರಿಯಲ್ಲಿ ಅವು ಬೋಲ್ಟಿನ ಹಿಂಭಾಗದಲ್ಲಿವೆ. ಆ ಉಕ್ಕು ಮೇಲ್ಮೈಯಲ್ಲಿ ಮಾತ್ರ ಗಡಸು, ಒಳಗೆ ಮೆತು. ಆ ಗಡಸು ಪದರ ಬಹಳ ತೆಳು. ಪೇಸ್ಟ್ ಹಚ್ಚಿ ಓಡಿಸಿದರೆ ಆ ಪದರವೇ ಸವೆಯುತ್ತದೆ, ಮತ್ತೆ ಪ್ರತಿ ಗುಂಡಿಗೂ ಮೆತು ಉಕ್ಕು ಜಜ್ಜಿಹೋಗುತ್ತದೆ. ಎರಡನೆಯದಾಗಿ, ಲಗ್ಗು ಸವೆದಷ್ಟೂ ಬೋಲ್ಟ್ ಮುಖ ಹಿಂದೆ ಸರಿಯುತ್ತದೆ, ಹೆಡ್‌ಸ್ಪೇಸ್ (ಬೋಲ್ಟ್ ಮುಖಕ್ಕೂ ತೋಟೆ ಮುಂದೆ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಹೆಚ್ಚುತ್ತದೆ. ಲೀ-ಎನ್‌ಫೀಲ್ಡ್ .303ಕ್ಕೆ ಸೇನೆ ಇಟ್ಟ ಮಿತಿ 0.064ರಿಂದ 0.074 ಇಂಚು. ಒಟ್ಟು ಅವಕಾಶ ಕಾಲು ಮಿಲಿಮೀಟರ್ ಅಷ್ಟೇ. ಮಿತಿ ದಾಟಿದರೆ ತೋಟೆಯ ಹಿತ್ತಾಳೆ ಬುಡದ ಹತ್ತಿರ ಹಿಗ್ಗಿ ಹರಿಯುತ್ತದೆ, ಬಿಸಿ ಅನಿಲ ಹಿಂದಕ್ಕೆ, ಮುಖದ ಕಡೆಗೆ ಬರಬಹುದು. ನಂ. 4 ಲೀ-ಎನ್‌ಫೀಲ್ಡಿಗೆ 0, 1, 2, 3 ಎಂದು ಬೇರೆ ಬೇರೆ ಉದ್ದದ ಬೋಲ್ಟ್ ತಲೆಗಳನ್ನು ಮಾಡಿದ್ದೇ ಈ ಅಂತರ ಸರಿಪಡಿಸಲಿಕ್ಕೆ. ನಂ. 1 ಮಾದರಿಯ ತಲೆಗೆ ಅಂಥ ಸಂಖ್ಯೆಯೂ ಇಲ್ಲ. ಬೇರೆ ರೈಫಲ್ಲಿನ ಬೋಲ್ಟ್ ತಂದು ‘ಇದು ನಯವಾಗಿ ಓಡುತ್ತದೆ’ ಎಂದು ಹಾಕಿಕೊಳ್ಳುವುದೂ ಅಷ್ಟೇ ಅಪಾಯ. ಎರಡೂ ಲಗ್ಗು ಒಂದೇ ಸಮ ತಾಗುವಂತೆ ಆ ಬೋಲ್ಟನ್ನು ಆ ಬಾಡಿಗೇ ಹೊಂದಿಸಿರುತ್ತಾರೆ.

ಎಲ್ಲಿ ಉಜ್ಜುತ್ತಿದೆ ಎಂದು ತಿಳಿಯಬೇಕೇ? ದೀಪದ ಬೆಂಕಿಯ ಮೇಲೆ ಸ್ಟೀಲ್ ಚಮಚ ಹಿಡಿದರೆ ಕಾಡಿಗೆ ಹಿಡಿಯುತ್ತದಲ್ಲ, ಅದನ್ನು ಬಟ್ಟೆಯಲ್ಲಿ ಎತ್ತಿ ಒಣಗಿದ ಬೋಲ್ಟಿನ ಮೈಗೆ ತೆಳ್ಳಗೆ ಸವರಿ. ಕಪ್ಪು ಮಾರ್ಕರ್ ಪೆನ್ ಆದರೂ ಆಗುತ್ತದೆ. ಮ್ಯಾಗಜಿನ್ ಇಲ್ಲದೆ 20 ಸಲ ಓಡಿಸಿ, ತೆಗೆದು ಬೆಳಕಿಗೆ ಹಿಡಿಯಿರಿ. ಕಪ್ಪು ಹೋಗಿ ಬೆಳ್ಳಗೆ ಕಾಣುವ ಜಾಗ ಉಜ್ಜುವ ಜಾಗ. ಉದ್ದುದ್ದಕ್ಕೆ ಸಮನಾದ ಪಟ್ಟಿ ಬಂದರೆ ಸರಿ. ಒಂದೇ ಕಡೆ ಸೂಜಿ ಗೀಚಿದ ಹಾಗೆ ಗೆರೆ ಬಂದರೆ ಬಾಡಿಯಲ್ಲಿ ಏನೋ ಉಬ್ಬು ಇದೆ: ತುಕ್ಕಿನ ಚುಕ್ಕೆ, ಪೆಟ್ಟು ತಿಂದ ಅಂಚು, ಅಥವಾ ಖಾಲಿ ತೋಟೆಯನ್ನು ಹೊರಗೆಸೆಯುವ ಎಡಗಡೆಯ ಎಜೆಕ್ಟರ್ ತಿರುಪು ಹೆಚ್ಚು ಒಳಗೆ ಬಂದದ್ದು. ಆಮೇಲೆ ಇದೇ ಪರೀಕ್ಷೆಯನ್ನು ಮ್ಯಾಗಜಿನ್ ಹಾಕಿ ಮಾಡಿ. ಬೋಲ್ಟಿನ ಅಡಿಯಲ್ಲಿ ಹೊಸ ಗೆರೆ ಬಂದರೆ ಮ್ಯಾಗಜಿನ್ ತುಟಿ ಮೇಲೆ ಬಂದು ಉಜ್ಜುತ್ತಿದೆ.

ಕೊನೆಯದಕ್ಕೆ ಮಳೆಗಾಲವೂ ಕಾರಣ ಆಗುತ್ತದೆ. ಮರ ತೇವ ಹೀರಿ ಉಬ್ಬಿದರೆ, ಅಥವಾ ಎಣ್ಣೆ ಕುಡಿದು ಮೆತ್ತಗಾಗಿ ಕುಗ್ಗಿದರೆ, ಟ್ರಿಗರ್ ಗಾರ್ಡ್ ಕೂರುವ ಎತ್ತರ ಬದಲಾಗುತ್ತದೆ. ಎಸ್‌ಎಮ್‌ಎಲ್‌ಇ (ಅಂದರೆ ನಂ. 1 ಲೀ-ಎನ್‌ಫೀಲ್ಡ್) ಮಾದರಿಯಲ್ಲಿ ಟ್ರಿಗರ್ ನೇತಾಡುವುದು ಗಾರ್ಡಿನಲ್ಲಿ, ಸಿಯರ್ ಇರುವುದು ಬಾಡಿಯಲ್ಲಿ. ನಡುವಿನ ಮರ ಅರ್ಧ ಮಿಲಿಮೀಟರ್ ಕುಗ್ಗಿದರೂ ಟ್ರಿಗರ್ ಎಳೆತ ಬದಲಾಗುತ್ತದೆ. ಗಾರ್ಡಿನ ಮುಂದಿನ ತಿರುಪಿಗೆ ಒಂದು ಸಣ್ಣ ಉಕ್ಕಿನ ಕೊಳವೆ ಇರುತ್ತದೆ, ಬಿಗಿದಾಗ ಮರ ಜಜ್ಜದಿರಲು. ಅದು ಕಳೆದುಹೋಗಿದ್ದರೆ ತಿರುಪು ಬಿಗಿದಷ್ಟೂ ಗಾರ್ಡ್ ಮೇಲೆ ಬರುತ್ತದೆ. ಇದನ್ನು ನೋಡದೆ ಬೋಲ್ಟ್ ಉಜ್ಜುತ್ತಾ ಕೂತರೆ ಪ್ರಯೋಜನವಿಲ್ಲ.

ಬಾಡಿಯ ಅಂಚಿನ ಉಬ್ಬು ತೆಗೆಯುವುದು, ಎಜೆಕ್ಟರ್, ಹೆಡ್‌ಸ್ಪೇಸ್ ಗೇಜ್, ಇವೆಲ್ಲ ದುರಸ್ತಿ ಪರವಾನಗಿ ಇರುವ ಗನ್‌ಸ್ಮಿತ್ ಕೆಲಸ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ದುರಸ್ತಿ ವ್ಯವಹಾರಕ್ಕೆ ಪರವಾನಗಿ ಬೇಕು. ಊರಿನ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ.

98 ಮಾದರಿ

ಮೇಲಿನ ಇಬ್ಬರೂ ಹೇಳಿದ್ದು ಸರಿ. ಒಂದು ಕಡೆ ಮಾತ್ರ ನನ್ನ ಅಭಿಪ್ರಾಯ ಬೇರೆ. ‘ಏನೂ ಉಜ್ಜಬೇಡಿ’ ಎಂದರೆ ಸ್ವಲ್ಪ ಅತಿಯಾಯಿತು. ಹೊಸ ರೈಫಲ್ಲಿನಲ್ಲಿ ಬೋಲ್ಟ್ ಓಡುವ ದಾರಿಯ ಮೇಲೆ ಕಟರ್ ಬಿಟ್ಟ ಸಣ್ಣ ಗೆರೆಗಳಿರುತ್ತವೆ, ಅವು ನುಣುಪಾಗಲೇಬೇಕು. ಆದರೆ ಅದಕ್ಕೆ ಪೇಸ್ಟ್ ಬೇಡ. ತೆಳು ಎಣ್ಣೆ ಹಾಕಿ, ಖಾಲಿ ಕೋವಿಯಲ್ಲಿ ದಿನಕ್ಕೆ 50 ಸಲದಂತೆ ಒಂದು ವಾರ ಬೋಲ್ಟ್ ಓಡಿಸಿ. ಪ್ರತಿ ದಿನ ಎಣ್ಣೆ ಒರೆಸಿ ನೋಡಿ. ಮೊದಲ ದಿನ ಬಟ್ಟೆಗೆ ಬೂದು ಬಣ್ಣ ಹತ್ತುತ್ತದೆ, ಅದು ಸವೆದ ಉಕ್ಕಿನ ಪುಡಿ. ಬಟ್ಟೆ ಬಿಳಿಯಾಗಿಯೇ ಬಂದ ದಿನ ನಿಲ್ಲಿಸಿ. ಸವೆಯಬೇಕಾದದ್ದು ಸವೆಯಬೇಕಾದಷ್ಟೇ ಸವೆಯುತ್ತದೆ. ಪುಡಿಯನ್ನು ಒರೆಸದೆ ಬಿಟ್ಟರೆ ಅದೇ ಎಮೆರಿಯ ಕೆಲಸ ಮಾಡುತ್ತದೆ ಎಂಬುದು ನೆನಪಿರಲಿ.

ಕೆಲವು ಆ್ಯಕ್ಷನ್‌ಗಳು ಹುಟ್ಟಿನಿಂದಲೇ ನಯ, ಅದಕ್ಕೆ ವಿನ್ಯಾಸವೇ ಕಾರಣ. ಲೀ-ಎನ್‌ಫೀಲ್ಡಿನ ಲಗ್ಗು ಹಿಂದೆ ಇರುವುದರಿಂದ ಬೋಲ್ಟ್ ಓಡಬೇಕಾದ ದೂರ ಕಡಿಮೆ, ಹಿಡಿ ಎತ್ತುವುದು 60 ಡಿಗ್ರಿ ಮಾತ್ರ. 1914ಕ್ಕಿಂತ ಮೊದಲು ಬ್ರಿಟಿಷ್ ಸೈನಿಕರಿಗೆ 300 ಗಜದ ಗುರಿಗೆ ನಿಮಿಷಕ್ಕೆ 15 ಗುಂಡಿನ ಅಭ್ಯಾಸ ಇಟ್ಟಿದ್ದರು. ಬೋಲ್ಟ್ ಆ್ಯಕ್ಷನ್ನಿಗೆ ಅದು ದೊಡ್ಡ ವೇಗ, ಆ ವಿನ್ಯಾಸದಿಂದಲೇ ಸಾಧ್ಯವಾದದ್ದು. 1898ರ ಜರ್ಮನ್ ಮೌಸರ್‌ನಲ್ಲಿ ಎರಡು ಲಗ್ಗು ಮುಂದೆ, ಒಂದು ಸುರಕ್ಷೆಗೆ ಹಿಂದೆ. ಹಿಡಿ 90 ಡಿಗ್ರಿ ಎತ್ತಬೇಕು, ಸ್ಪ್ರಿಂಗ್ ಅದುಮುವುದೂ ಎತ್ತುವಾಗಲೇ. ಹಾಗಾಗಿ ಮೌಸರ್ ಎತ್ತುವಾಗ ಭಾರ, ಮುಚ್ಚುವಾಗ ಹಗುರ. ನಿಮ್ಮದು ತಿರುಗಾಮುರುಗ. ಮೌಸರ್‌ನ ದೊಡ್ಡ ಗುಣ ಬೇರೆ: ಉದ್ದನೆಯ ಕೊಕ್ಕೆ ಮ್ಯಾಗಜಿನ್‌ನಿಂದ ಏಳುತ್ತಿರುವ ತೋಟೆಯ ಬುಡವನ್ನು ಆಗಲೇ ಹಿಡಿದುಕೊಳ್ಳುತ್ತದೆ, ಚೇಂಬರ್ ಸೇರುವವರೆಗೆ ಬಿಡುವುದಿಲ್ಲ. ಬೋಲ್ಟ್ ಸೊಟ್ಟಗಾಗದಂತೆ ಮೈಮೇಲೆ ಒಂದು ಏಣೂ ಇದೆ. ಎಲ್ಲಕ್ಕಿಂತ ನಯ ಎಂದು ಹೆಸರಾದದ್ದು ನಾರ್ವೆಯ ಕ್ರಾಗ್-ಯೋರ್ಗೆನ್ಸನ್. ಅದಕ್ಕೆ ಮುಂದೆ ಒಂದೇ ಲಗ್ಗು, ಉಜ್ಜುವ ಜಾಗವೂ ಕಡಿಮೆ. ಆ ನಯಕ್ಕೆ ತೆತ್ತ ಬೆಲೆ ಎಂದರೆ ಮೌಸರ್‌ನಷ್ಟು ಒತ್ತಡ ಅದು ತಾಳುವುದಿಲ್ಲ.

ಕಕ್ಕಬ್ಬೆ ಕಡೆಯವ

ತುಂಬಾ ಉಪಕಾರವಾಯಿತು. ಸೀಮೆಎಣ್ಣೆಯಲ್ಲಿ ತೊಳೆದಾಗ ಕೊಕ್ಕೆಯ ಅಡಿಯಿಂದ ಹೇಳಿದ ಹಾಗೆಯೇ ಕಪ್ಪು ಮೇಣ ಬಂತು. ಕರಕರ ಪೂರ್ತಿ ಹೋಯಿತು. ಕಾಡಿಗೆ ಪರೀಕ್ಷೆಯಲ್ಲಿ ಮ್ಯಾಗಜಿನ್ ಇಲ್ಲದೆ ಸಮನಾದ ಪಟ್ಟಿ, ಮ್ಯಾಗಜಿನ್ ಹಾಕಿದರೂ ಹೊಸ ಗೆರೆ ಇಲ್ಲ. ಉಳಿದದ್ದು ಎರಡು: ಖಾಲಿ ತೋಟೆ ಕಚ್ಚುವುದು, ಮ್ಯಾಗಜಿನ್‌ನಲ್ಲಿ ಸಿಕ್ಕುವುದು.

ಹಳೇ ಕೋವಿ

ಮ್ಯಾಗಜಿನ್ ತೊಂದರೆ ತುಂಬುವ ಕ್ರಮದ್ದು ಎಂದು ಕಾಣುತ್ತದೆ. ಪಾಯಿಂಟ್ 315 ತೋಟೆ ಆಸ್ಟ್ರಿಯಾದ ಹಳೆಯ 8x50 ಮಾನ್‌ಲಿಖರ್ ತೋಟೆಯ ವಂಶದ್ದು, ಬುಡದಲ್ಲಿ ಹೊರಚಾಚಿದ ಅಂಚಿದೆ. ಒಂದರ ಮೇಲೊಂದು ಇಟ್ಟಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಇದ್ದರೆ, ಬೋಲ್ಟ್ ಮೇಲಿನದನ್ನು ತಳ್ಳಿದ ಕೂಡಲೆ ಅದರ ಅಂಚು ಕೆಳಗಿನದರ ಅಂಚಿಗೆ ಕೊಕ್ಕೆ ಹಾಕಿಕೊಂಡು ಎರಡೂ ನಿಂತುಬಿಡುತ್ತವೆ. ಎಷ್ಟು ಬಲ ಹಾಕಿದರೂ ಬರುವುದಿಲ್ಲ, ಹಾಕಲೂಬಾರದು. ಮ್ಯಾಗಜಿನ್ ಕಳಚಿ ಕೈಯಲ್ಲಿ ಹಿಡಿದು ಒಂದೊಂದಾಗಿ ತುಂಬಿ. ಪ್ರತಿ ತೋಟೆಯನ್ನೂ ಮುಂದಿನಿಂದ ಹಿಂದಕ್ಕೆ ಜಾರಿಸಿ, ಅಂಚು ಕೆಳಗಿನ ಅಂಚಿನ ಮುಂದೆ ನಿಂತಿತೇ ಎಂದು ಪಕ್ಕದಿಂದ ನೋಡಿ. ಹೀಗೆ ಮಾಡಿಯೂ ಸಿಕ್ಕಿದರೆ ತುಟಿ ಬಾಗಿದೆ, ಅಥವಾ ಒಳಗಿನ ತಟ್ಟೆ ಓರೆಯಾಗಿದೆ ಎಂದರ್ಥ. ಇದನ್ನು ಪರೀಕ್ಷಿಸಲು ಮನೆಯೊಳಗೆ ಜೀವಂತ ತೋಟೆ ಬಳಸಬೇಡಿ. ಮದ್ದೂ ಕೇಪೂ (ಪಿನ್ ಬಡಿದಾಗ ಕಿಡಿ ಕೊಡುವ ಬುಡದ ಟೋಪಿ) ಇಲ್ಲದ ಡಮ್ಮಿ ತೋಟೆಯನ್ನು ಗನ್‌ಸ್ಮಿತ್ ಹತ್ತಿರ ಕೇಳಿ.

ಖಾಲಿ ತೋಟೆ ಕಚ್ಚುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಹಿಡಿ ಎತ್ತುವಾಗ ಬೋಲ್ಟ್ ಓರೆ ಕಾಲುವೆಯ ಮೇಲೆ ಕೂದಲೆಳೆಯಷ್ಟು ಹಿಂದೆ ಸರಿದು ಖಾಲಿ ತೋಟೆಯನ್ನು ಚೇಂಬರ್ ಗೋಡೆಯಿಂದ ಬಿಡಿಸುತ್ತದೆ. ಬಿಡದಿದ್ದರೆ ಗೋಡೆ ಒರಟಾಗಿದೆ, ಕೊಳೆಯಾಗಿದೆ, ಇಲ್ಲವೇ ಒತ್ತಡ ಹೆಚ್ಚಾಗಿದೆ. ಖಾಲಿ ಹಿತ್ತಾಳೆಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಉದ್ದಕ್ಕೆ ಗೀರುಗಳಿದ್ದರೆ ಚೇಂಬರ್ ಒರಟು. ಮೈಯಲ್ಲಿ ಚುಕ್ಕೆ ಚುಕ್ಕೆ ಅಚ್ಚು ಇದ್ದರೆ ಅದು ಚೇಂಬರ್‌ನ ತುಕ್ಕಿನ ಗುಂಡಿಗಳ ಅಚ್ಚು. ಕೇಪು ಚಪ್ಪಟೆಯಾಗಿ ಅಂಚಿನವರೆಗೆ ಹರಡಿದ್ದರೆ ಒತ್ತಡ ಹೆಚ್ಚು. ಬುಡದ ಹತ್ತಿರ ಸುತ್ತಲೂ ಹೊಳೆಯುವ ಉಂಗುರ ಕಂಡರೆ ಹೆಡ್‌ಸ್ಪೇಸ್. ಕೊನೆಯ ಎರಡರಲ್ಲಿ ಯಾವುದು ಕಂಡರೂ ಗುಂಡು ಹಾರಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಚೇಂಬರ್‌ಗೆ ಎಣ್ಣೆ ಸವರಿದರೆ ಸಲೀಸಾಗಿ ಬರುತ್ತದೆ ಎಂದು ಕೆಲವರು ಮಾಡುತ್ತಾರೆ. ಅದು ದೊಡ್ಡ ತಪ್ಪು. ಒಣಗಿದ ಚೇಂಬರ್‌ನಲ್ಲಿ ಹಿತ್ತಾಳೆ ಗೋಡೆಗೆ ಕಚ್ಚಿ ಒದೆತದ ಒಂದು ಪಾಲನ್ನು ತಾನೇ ತಡೆಯುತ್ತದೆ. ಎಣ್ಣೆ ಇದ್ದರೆ ಜಾರಿ, ಪೂರ್ತಿ ಒದೆತ ಲಗ್ಗುಗಳ ಮೇಲೆ ಬೀಳುತ್ತದೆ. ಮಳೆಯಲ್ಲಿ ನೆನೆದ ತೋಟೆಯೂ ಹಾಗೆಯೇ. ಒರೆಸಿಯೇ ಹಾಕಿ. ಇಟ್ಟಿಡುವಾಗ ಎಣ್ಣೆ ಇರಲಿ, ಹಾರಿಸುವ ಮೊದಲು ಒಣ ಫ್ಲಾನೆಲ್‌ನಿಂದ ಪೂರ್ತಿ ತೆಗೆಯಿರಿ.

ಲೇತ್ ಕೆಲಸದವ

ಒಂದು ಸೇರಿಸುತ್ತೇನೆ. ಹಳೆಯ ತೋಟೆಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಯುವುದು ಒಂದು ಬಗೆಯ ಉಪ್ಪು. ಆ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಷ್ಟು ಎಣ್ಣೆ ಬಳಿದರೂ ಅದರ ಅಡಿಯಲ್ಲೇ ತುಕ್ಕು ಹಿಡಿಯುತ್ತದೆ. ಅದನ್ನು ಕರಗಿಸುವುದು ನೀರು ಮಾತ್ರ. ಅಂಥ ತೋಟೆ ಹಾರಿಸಿದ ದಿನವೇ ಬೋಲ್ಟ್ ತೆಗೆದು, ನಳಿಗೆಯ ಬಾಯಿ ಕೆಳಗೆ ಮಾಡಿ, ಚೇಂಬರ್ ಕಡೆಯಿಂದ ಆಲಿಕೆ ಇಟ್ಟು ಒಂದು ಲೀಟರ್ ಕುದಿಯುವ ನೀರು ಮರಕ್ಕೆ ತಾಗದಂತೆ ಸುರಿಯಿರಿ. ಬಿಸಿಗೆ ಲೋಹ ತಾನೇ ಬೇಗ ಒಣಗುತ್ತದೆ. ಆಮೇಲೆ ಒಣ ಬಟ್ಟೆ, ಕೊನೆಗೆ ಎಣ್ಣೆ. ಬೋಲ್ಟಿನ ಮುಖವನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ತುಕ್ಕಿನ ಗುಂಡಿ ಬಿದ್ದ ಚೇಂಬರ್‌ಗೆ ಮನೆಮದ್ದಿಲ್ಲ, ಗನ್‌ಸ್ಮಿತ್ ನೋಡಿ ಹೇಳಬೇಕು.

50 ಮೀಟರ್

ಪಾಯಿಂಟ್ 22 ಇರುವವರಿಗೆ ಎರಡು ಮಾತು. ಅದರ ಗುಂಡಿನ ಮೇಲೆ ಮೇಣ ಇರುತ್ತದೆ, ಚೇಂಬರ್ ಬಾಯಿಯಲ್ಲಿ ಉಂಗುರದ ಹಾಗೆ ಕಟ್ಟಿಕೊಳ್ಳುತ್ತದೆ. ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ಬಿಗಿ ಅನಿಸಿದರೆ ಮೊದಲು ಅಲ್ಲಿ ಬ್ರಷ್ ಹಾಕಿ. ಮತ್ತೆ, ಮೇಲೆ ಹೇಳಿದ ಖಾಲಿ ಓಡಿಸುವ ಅಭ್ಯಾಸ ಮಾಡುವಾಗ 22ರಲ್ಲಿ ಟ್ರಿಗರ್ ಎಳೆಯಬೇಡಿ. ಪಿನ್ ಹೊಡೆಯುವುದು ಅಂಚಿಗೆ, ತೋಟೆ ಇಲ್ಲದಿದ್ದರೆ ಅದು ನೇರ ಚೇಂಬರ್ ಬಾಯಿಗೆ ಬಡಿದು ಗುಳಿ ಮಾಡಬಹುದು. ಆ ಗುಳಿಯ ಉಬ್ಬಿದ ಅಂಚಿಗೆ ತೋಟೆ ತಾಗಿ ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ.

ಹಳೇ ಕೋವಿ

ಕಕ್ಕಬ್ಬೆಯವರೇ, ಹಬ್ಬ ಹತ್ತಿರ ಇರುವುದರಿಂದ ಒಂದು ಮಾತು. ಪೂಜೆಗೆ ಇಡುವಾಗ ಬೋಲ್ಟ್ ಮುಚ್ಚಿಯೇ ಇರಲಿ, ಗಂಧ ಕುಂಕುಮ ನಳಿಗೆಗೂ ಮರಕ್ಕೂ ಇಟ್ಟರೆ ಸಾಕು. ಗಂಧ ಒದ್ದೆಯಲ್ಲಿ ತೇವ, ಒಣಗಿದರೆ ಪುಡಿ. ಆ ಪುಡಿ ಬೋಲ್ಟಿನ ದಾರಿಗೆ ಬಿದ್ದರೆ ಮತ್ತೆ ಕರಕರ ಶುರು. ತೋಕ್ ಪೂ (ಹಬ್ಬಕ್ಕೆ ಕೋವಿಗೆ ಇಡುವ ಹೂವು) ಇಟ್ಟ ಕಡೆ ಹೂವಿನ ರಸ ಇಳಿದು ಮಾರನೆ ದಿನಕ್ಕೇ ಕಂದು ಕಲೆ ಕಾಣುತ್ತದೆ. ಹೊರಗೆ ತೆಗೆದ ದಿನವೇ ಒದ್ದೆ ಬಟ್ಟೆ, ಒಣ ಬಟ್ಟೆ, ಆಮೇಲೆ ಎಣ್ಣೆ ಬಟ್ಟೆ. ತೆಂಗಿನಕಾಯಿಗೆ ಗುರಿ ಇಡುವುದಿದ್ದರೆ ಅದಕ್ಕೂ ಮೊದಲು ಆ ಖಾಲಿ ಹಿತ್ತಾಳೆಗಳನ್ನು ತೆಗೆದುಕೊಂಡು ಹೋಗಿ ಗನ್‌ಸ್ಮಿತ್‌ಗೆ ತೋರಿಸಿ. ಕೋವಿಯ ಜೊತೆಗೆ ಹಿತ್ತಾಳೆಯನ್ನೂ ನೋಡಿದರೆ ಚೇಂಬರ್‌ನಲ್ಲಿ ಏನಾಗಿದೆ ಎಂದು ಅವರಿಗೆ ಬೇಗ ತಿಳಿಯುತ್ತದೆ.